ಪಾಸಿಟಿವ್ವೋ ನೆಗೆಟಿವ್ವೋ ಅಂತ ಕೇಳುವ ಮುಂಚೆ...

ಮೇ ತಿಂಗಳು ಬಂತೆಂದರೆ ನಾನಿರುವ ಕನೆಕ್ಟಿಕಟ್ ರಾಜ್ಯದಲ್ಲಿ ಎರಡು ಸಂಗತಿ ಒಟ್ಟಿಗೆ ಶುರುವಾಗುತ್ತವೆ. ಒಂದು, ಚಳಿ, ಹಿಮ ಅಂತ ತಿಂಗಳುಗಟ್ಟಲೆ ಮನೆಯೊಳಗೆ ಮುದುಡಿ ಕೂತಿದ್ದ ಮಕ್ಕಳೆಲ್ಲ ಹಿತ್ತಿಲು, ಪಾರ್ಕು, ಕಾಡಿನ ಹಾದಿ ಅಂತ ಹೊರಗೆ ಬೀಳೋದು. ಇನ್ನೊಂದು, ಅದೇ ಹುಲ್ಲಿನಂಚಿನಲ್ಲಿ ಗಸಗಸೆ ಕಾಳಿನಷ್ಟು ಪುಟ್ಟ ಮರಿ ಉಣುಗುಗಳು ಕಾದು ಕೂರೋದು. (ಉಣುಗು ಅನ್ನೋದು ನಮ್ಮ ಸಾಗರದ ಕಡೆಯ ಮಾತು. ಬೇರೆ ಕಡೆ ಉಣ್ಣೆ ಅಂತಾರೆ. ದನದ ಕಿವಿಯಲ್ಲಿ ಕಚ್ಚಿಕೊಂಡಿರುತ್ತಲ್ಲ, ಆ ಜಾತಿಯದ್ದೇ.)

ಈ ಉಣುಗು ಕಚ್ಚಿ ಬರುವ ಲೈಮ್ ಕಾಯಿಲೆಯ ಹೆಸರನ್ನ ಅಮೆರಿಕದ ಈಶಾನ್ಯ ಭಾಗದಲ್ಲಿರುವ ಕನ್ನಡಿಗರೆಲ್ಲ ಕೇಳಿಯೇ ಇರುತ್ತೀರಿ. ನಾನಿವತ್ತು ಬರೆಯಹೊರಟಿರುವುದು ಅದರ ಒಂದು ಸಣ್ಣ ಭಾಗದ ಬಗ್ಗೆ. ಆ ಬ್ಯಾಕ್ಟೀರಿಯಾ ಮಗುವಿನ ಮಿದುಳಿನ ಪೊರೆಯವರೆಗೆ ಹೋಗಿ ಲೈಮ್ ಮೆನಿಂಜೈಟಿಸ್ ಆದಾಗ, ಲ್ಯಾಬ್ ಟೆಸ್ಟುಗಳು ಏನನ್ನು ಹೇಳುತ್ತವೆ, ಏನನ್ನು ಹೇಳೋದಿಲ್ಲ ಅನ್ನೋದರ ಬಗ್ಗೆ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಹಾರ್ಟ್‌ಫರ್ಡ್‌ನಲ್ಲಿ ಇನ್ಶೂರೆನ್ಸ್ ಕಂಪನಿಯೊಂದರ ಪ್ರಾಜೆಕ್ಟಿನಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವವನು. ಯಾವ ಮಗುವಿಗೆ ಏನು ಔಷಧ ಅಂತ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ‘ಟೆಸ್ಟ್’ ಅನ್ನುವ ಪದದ ಜೊತೆ ದಿನಾ ಗುದ್ದಾಡುವವನಾದ್ದರಿಂದ, ಟೆಸ್ಟಿನ ಬಗ್ಗೆ ನಮ್ಮ ಜನರಿಗಿರುವ ನಂಬಿಕೆ ನೋಡಿ ಒಂದೆರಡು ಮಾತು ಹೇಳಲೇಬೇಕು ಅನ್ನಿಸಿತು.

ಕಳೆದ ಬೇಸಿಗೆಯಲ್ಲಿ ನಮಗೆ ಪರಿಚಯದ ಒಂದು ಮನೆಯಲ್ಲಿ ಎಂಟು ವರ್ಷದ ಹುಡುಗನಿಗೆ ಒಂಬತ್ತು ದಿನ ಬಿಟ್ಟುಬಿಟ್ಟು ತಲೆನೋವು, ಸಣ್ಣ ಜ್ವರ. ಆಸ್ಪತ್ರೆಗೆ ಸೇರಿಸಿದರು, ಬೆನ್ನಿನಿಂದ ನೀರು ತೆಗೆದರು, ರಕ್ತ ತೆಗೆದರು, ಲೈಮ್ ಇರಬಹುದು ಅಂತ ರಿಪೋರ್ಟ್ ಬರುವ ಮುಂಚೆಯೇ ಔಷಧ ಶುರು ಮಾಡಿದರು. (ಹುಡುಗ ಈಗ ಗುಂಡುಕಲ್ಲಿನ ಹಾಗಿದ್ದಾನೆ, ಯೋಚನೆ ಬೇಡ.) ಅವನ ಅಪ್ಪ ಮಾತ್ರ ಕೆಂಡಾಮಂಡಲ. ನನಗೆ ಫೋನ್ ಮಾಡಿ, "ಅಲ್ಲ ಮಾರಾಯ, ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗ್ದಾಯ್ತು. ಅದ್ರಲ್ಲೇ ಪಿಸಿಆರ್ ಮಾಡಿದ್ರೆ ಎರಡು ಗಂಟೇಲಿ ಗೊತ್ತಾಗಲ್ವಾ? ಕೋವಿಡ್‌ಗೆ ಮಾಡ್ಲಿಲ್ವಾ? ರಕ್ತದ ರಿಪೋರ್ಟಿಗೆ ನಾಲ್ಕು ದಿನ ಅಂತಾರೆ. ರಿಪೋರ್ಟಿಲ್ದೆ ಔಷಧ ಕೊಡೋಕೆ ಇವರೇನು ನಾಟಿ ವೈದ್ಯರಾ?" ಅಂದರು. ಆ ಹೊತ್ತಿಗೆ ನಾನು "ಸಮಾಧಾನ ಮಾಡ್ಕೊಳ್ಳಿ" ಅಂದೆನಷ್ಟೆ. ಆಮೇಲೆ ಕೂತು ಓದಿದೆ. ಓದಿದಷ್ಟೂ ನನಗನ್ನಿಸಿದ್ದು, ಆ ಡಾಕ್ಟರು ಮಾಡಿದ್ದೇ ಸರಿ ಅಂತ. ಯಾಕೆ ಅನ್ನೋದೇ ಈ ಬರಹ.

ಮೊದಲು ಸ್ವಲ್ಪ ಹಳೇ ಕಥೆ. ಲೈಮ್ ಅನ್ನೋದು ಕನೆಕ್ಟಿಕಟ್‌ನ ಒಂದು ಊರಿನ ಹೆಸರು, ನನ್ನ ಮನೆಯಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. 1975ರಲ್ಲಿ ಆ ಕಡೆಯ ಇಬ್ಬರು ತಾಯಂದಿರು ನಮ್ಮೂರಿನ ಇಷ್ಟೊಂದು ಮಕ್ಕಳಿಗೆ ಮಂಡಿ ಊದಿಕೊಂಡು ಸಂಧಿವಾತ ಬರ್ತಿದೆಯಲ್ಲ, ಇದು ಹೇಗೆ ಸಾಧ್ಯ ಅಂತ ಪಟ್ಟು ಹಿಡಿದು ಆರೋಗ್ಯ ಇಲಾಖೆಯನ್ನ ಕೇಳಿದರು. ಅವರಲ್ಲಿ ಒಬ್ಬಾಕೆ ಪಾಲಿ ಮರ್ರೆ. ಯಾರಿಗೆ ಯಾವಾಗ ಏನಾಯ್ತು ಅಂತ ಆಕೆ ಬರೆದಿಟ್ಟುಕೊಂಡಿದ್ದರು. ಯೇಲ್ ವಿಶ್ವವಿದ್ಯಾಲಯದ ಅಲೆನ್ ಸ್ಟೀರ್ ಮತ್ತವರ ಜೊತೆಗಾರರು ಅಕ್ಕಪಕ್ಕದ ಮೂರು ಊರುಗಳಲ್ಲಿ ಹುಡುಕಿ 51 ಜನರ ಬಗ್ಗೆ 1977ರಲ್ಲಿ ಪ್ರಕಟಿಸಿದರು. ಅದರಲ್ಲಿ 39 ಮಂದಿ ಮಕ್ಕಳೇ. ಕಾಯಿಲೆಗೆ ಕಾರಣವಾದ, ತಿರುಪು ಮೊಳೆಯಂಥ ಬ್ಯಾಕ್ಟೀರಿಯಾವನ್ನ ವಿಲಿ ಬರ್ಗ್‌ಡಾರ್ಫರ್ ಮತ್ತಿತರರು ಲೋಕಕ್ಕೆ ತಿಳಿಸಿದ್ದು 1982ರಲ್ಲಿ. ಅದಕ್ಕೇ ಅದರ ಹೆಸರು ಬೊರೇಲಿಯಾ ಬರ್ಗ್‌ಡಾರ್ಫೆರಿ.

ಇದನ್ನ ಯಾಕೆ ಹೇಳಿದೆ ಅಂದರೆ, ಈ ಕಾಯಿಲೆ ಗೊತ್ತಾಗಿದ್ದೇ ಯಾವ ಟೆಸ್ಟಿನಿಂದಲೂ ಅಲ್ಲ. ಎಲ್ಲಿ, ಯಾವಾಗ, ಯಾರಿಗೆ ಅಂತ ಬರೆದಿಟ್ಟ ತಾಯಿಯ ಟಿಪ್ಪಣಿಯಿಂದ. ಈಗ ನಮ್ಮ ಕೈಯಲ್ಲಿ ಟೆಸ್ಟುಗಳಿವೆ. ಆದರೆ ‘ಎಲ್ಲಿ, ಯಾವಾಗ’ ಅನ್ನುವ ಎರಡು ಪ್ರಶ್ನೆಗಳ ಉತ್ತರವಿಲ್ಲದೆ ಆ ಟೆಸ್ಟುಗಳು ಈಗಲೂ ಅರ್ಧ ಮೂಕವೇ. ನಾನು ಹೇಳಬೇಕೆಂದಿರುವುದು ಇಷ್ಟೇ, ಉಳಿದದ್ದೆಲ್ಲ ಇದರ ವಿವರಣೆ.

ಪಿಸಿಆರ್ ಯಾಕೆ ಬೇಡ?

ಕೋವಿಡ್ ಬಂದ ಮೇಲೆ ನಮಗೆಲ್ಲ ಪಿಸಿಆರ್ ಅಂದರೆ ಬ್ರಹ್ಮವಾಕ್ಯ ಆಗಿಬಿಟ್ಟಿದೆ. ಆದರೆ ಪಿಸಿಆರ್ ಕೆಲಸ ಮಾಡಬೇಕಾದರೆ ನೀವು ತೆಗೆದ ಮಾದರಿಯಲ್ಲಿ ಆ ರೋಗಾಣುವಿನ ತುಣುಕಾದರೂ ಇರಬೇಕು. ಕೋವಿಡ್‌ನಲ್ಲಿ ಮೂಗಿನ ತುಂಬ ವೈರಸ್ ಇರುತ್ತಿತ್ತು. ಲೈಮ್ ಮೆನಿಂಜೈಟಿಸ್‌ನಲ್ಲಿ ಬೆನ್ನಿನ ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾ ಬಹಳ ಕಮ್ಮಿ. ಮಗುವಿಗೆ ಕಾಯಿಲೆ ಇದ್ದೂ ಪಿಸಿಆರ್ ನೆಗೆಟಿವ್ ಬರೋದೇ ಹೆಚ್ಚು. ಕಲ್ಚರ್ ಮಾಡೋಣ ಅಂದರೆ ಈ ಬ್ಯಾಕ್ಟೀರಿಯಾಕ್ಕೆ ವಿಶೇಷ ಆಹಾರ ಬೇಕು, ವಾರಗಟ್ಟಲೆ ಕಾಯಬೇಕು. ಅದಕ್ಕೇ ಅಮೆರಿಕದ ಸೋಂಕುರೋಗ, ನರರೋಗ ಮತ್ತು ಸಂಧಿರೋಗ ತಜ್ಞರ ಮೂರು ಸಂಘಟನೆಗಳು ಸೇರಿ 2020ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ನರಮಂಡಲದ ಲೈಮ್ ಅನುಮಾನವಿದ್ದಾಗ ಬೆನ್ನಿನ ನೀರಿನ ಪಿಸಿಆರ್, ಕಲ್ಚರ್ ಬೇಡ, ರಕ್ತದ ಆಂಟಿಬಾಡಿ ಪರೀಕ್ಷೆ ಮಾಡಿ ಅಂತ ಹೇಳಿದ್ದಾರೆ.

ಇನ್ನೊಂದು ಮೋಸ ಹೋಗುವ ಜಾಗ ಇದೆ. ಈಗ ಅನೇಕ ಆಸ್ಪತ್ರೆಗಳಲ್ಲಿ ಬೆನ್ನಿನ ನೀರನ್ನ ಒಂದು ಯಂತ್ರಕ್ಕೆ ಹಾಕಿದರೆ ಹದಿನಾಲ್ಕು ರೋಗಾಣುಗಳನ್ನ ಒಂದೇ ಸಲಕ್ಕೆ ಹುಡುಕುವ ಪ್ಯಾನೆಲ್ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಒಪ್ಪಿಗೆ ಕೊಟ್ಟ ಫಿಲ್ಮ್‌ಅರೇ ಅನ್ನುವುದು ಅಂಥದ್ದು. ಹರ್ಪಿಸ್ ಇದೆ, ಎಂಟೆರೋವೈರಸ್ ಇದೆ, ಮೆನಿಂಗೋಕಾಕಸ್ ಇದೆ. ಬೊರೇಲಿಯಾ ಇಲ್ಲ! ‘ಎಲ್ಲಾ ನೆಗೆಟಿವ್’ ಅಂತ ಬಂದರೆ ಅಪ್ಪ ಅಮ್ಮ ನಿಟ್ಟುಸಿರು ಬಿಡುತ್ತಾರೆ. ಕೇಳದೇ ಇದ್ದ ಪ್ರಶ್ನೆಗೆ ಉತ್ತರ ‘ಇಲ್ಲ’ ಅಂತ ತಿಳಿದುಕೊಂಡ ಹಾಗೆ ಅದು. ನಮ್ಮ ಕೆಲಸದಲ್ಲೂ ಇದೇ ಕಥೆ ತಾನೇ? ಬರೆದ ಟೆಸ್ಟ್‌ಕೇಸೆಲ್ಲ ಪಾಸಾಗಿರುತ್ತೆ, ಬಗ್ ಇರೋದು ಟೆಸ್ಟ್‌ಕೇಸ್ ಬರೆಯದ ಜಾಗದಲ್ಲಿ :-)

ಪ್ಯಾನೆಲ್ ದಂಡ ಅಂತ ಹೇಳ್ತಾ ಇಲ್ಲ. ಬೇಸಿಗೆಯಲ್ಲಿ ಮಕ್ಕಳಿಗೆ ಎಂಟೆರೋವೈರಸ್‌ನಿಂದಲೂ ಮೆನಿಂಜೈಟಿಸ್ ಬರುತ್ತೆ, ಲೈಮ್‌ನ ಕಾಲವೂ ಅದೇ. ಎಂಟೆರೋವೈರಸ್ ಪಿಸಿಆರ್ ಪಾಸಿಟಿವ್ ಬಂದರೆ ಅದು ಬಲವಾದ ಉತ್ತರ. ಅದು ಸಾಮಾನ್ಯವಾಗಿ ತಾನಾಗಿ ವಾಸಿಯಾಗುವಂಥದ್ದು. ಆಂಟಿಬಯಾಟಿಕ್ ನಿಲ್ಲಿಸಿ ಮನೆಗೆ ಕಳಿಸಬಹುದು. ನೆಗೆಟಿವ್ ಬಂದರೆ ಮಾತ್ರ ಲೈಮ್ ಬಗ್ಗೆ ಅದು ಏನೂ ಹೇಳಿದ ಹಾಗಾಗಲಿಲ್ಲ.

ರಕ್ತದ ಟೆಸ್ಟ್ ಅನ್ನುವ ಲಾಗ್ ಫೈಲ್

ರಕ್ತದ ಪರೀಕ್ಷೆಯಲ್ಲಿ ಹಿಡಿಯುತ್ತಿರುವುದು ಬ್ಯಾಕ್ಟೀರಿಯಾವನ್ನಲ್ಲ, ಅದಕ್ಕೆ ನಮ್ಮ ಮೈ ಕೊಟ್ಟ ಉತ್ತರವನ್ನ, ಅಂದರೆ ಆಂಟಿಬಾಡಿಯನ್ನ. ಕಳ್ಳನನ್ನ ಹಿಡಿಯೋದಲ್ಲ, ಪೊಲೀಸ್ ಸ್ಟೇಷನ್ನಿನ ದಾಖಲೆ ಪುಸ್ತಕ ಓದೋದು. ಸಾಫ್ಟ್‌ವೇರಿನವರಿಗೆ ಹೇಳೋದಾದರೆ ಲಾಗ್ ಫೈಲ್ ಓದಿದ ಹಾಗೆ. ಲಾಗ್ ಫೈಲಿಗೆ ಎರಡು ಗುಣ ಇರುತ್ತೆ. ತಡವಾಗಿ ಬರೆಯುತ್ತೆ, ಬರೆದದ್ದನ್ನ ಬೇಗ ಅಳಿಸೋದಿಲ್ಲ.

ತಡ ಅಂದರೆ ಎಷ್ಟು? ಕಚ್ಚಿದ ಮೇಲೆ ಗುರಿಹಲಗೆಯ ಹಾಗೆ ವೃತ್ತಾಕಾರದ ಕೆಂಪು ಗುರುತು ಬರುವ ಹೊತ್ತಿಗೆ ಆಂಟಿಬಾಡಿ ಇನ್ನೂ ತಯಾರಾಗಿರೋದಿಲ್ಲ. ಆಗ ಟೆಸ್ಟ್ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ನೆಗೆಟಿವ್. ಅದಕ್ಕೇ ಆ ಗುರುತು ಕಂಡರೆ ಡಾಕ್ಟರು ಟೆಸ್ಟ್ ಮಾಡದೇ ಔಷಧ ಬರೆದುಬಿಡುತ್ತಾರೆ. ಮೆನಿಂಜೈಟಿಸ್ ಆಗೋದು ಸಾಮಾನ್ಯವಾಗಿ ಕಚ್ಚಿ ಕೆಲವು ವಾರಗಳಾದ ಮೇಲೆ. ಅಷ್ಟು ಹೊತ್ತಿಗೆ ಹೆಚ್ಚಿನ ಮಕ್ಕಳ ರಕ್ತದಲ್ಲಿ ಆಂಟಿಬಾಡಿ ಇರುತ್ತೆ, ಟೆಸ್ಟ್ ಕೆಲಸಕ್ಕೆ ಬರುತ್ತೆ. ಹೆಚ್ಚಿನವರಲ್ಲಿ ಅಂದೆ, ಎಲ್ಲರಲ್ಲೂ ಅಂತಲ್ಲ. ತೀರಾ ಬೇಗ ಬಂದ ಮಗುವಿನಲ್ಲಿ ನೆಗೆಟಿವ್ ಬಂದು, ಎರಡು ಮೂರು ವಾರ ಬಿಟ್ಟು ಮತ್ತೆ ಮಾಡಿದಾಗ ಪಾಸಿಟಿವ್ ಬರಬಹುದು.

ಈ ಟೆಸ್ಟ್ ಎರಡು ಮೆಟ್ಟಿಲಿನದು. 1994ರಲ್ಲಿ ಮಿಷಿಗನ್‌ನ ಡಿಯರ್‌ಬರ್ನ್‌ನಲ್ಲಿ ತಜ್ಞರೆಲ್ಲ ಸೇರಿ ನಿಯಮ ಮಾಡಿದರು. ಮೊದಲು ಎಲೈಸಾ. ಅದು ಪಾಸಿಟಿವ್ ಅಥವಾ ಅಂಚಿನಲ್ಲಿ ಬಂದರೆ ಮಾತ್ರ ವೆಸ್ಟರ್ನ್ ಬ್ಲಾಟ್. ಬ್ಲಾಟ್‌ನಲ್ಲಿ ಪಟ್ಟೆಗಳನ್ನ ಎಣಿಸಬೇಕು. ಐಜಿಜಿ ಆದರೆ 10ರಲ್ಲಿ 5 ಪಟ್ಟೆ, ಐಜಿಎಂ ಆದರೆ 3ರಲ್ಲಿ 2. ಅದರಲ್ಲೂ ಐಜಿಎಂ ಲೆಕ್ಕಕ್ಕೆ ಬರೋದು ಕಾಯಿಲೆ ಶುರುವಾದ ಮೊದಲ 30 ದಿನ ಮಾತ್ರ. ಯಾಕಿಷ್ಟು ಕಟ್ಟುನಿಟ್ಟು ಅಂದರೆ, 41 ಅನ್ನುವ ಪಟ್ಟೆ ಇದೆಯಲ್ಲ, ಅದು ಬ್ಯಾಕ್ಟೀರಿಯಾದ ಬಾಲದ ಪ್ರೋಟೀನಿನದು. ಅದನ್ನ ಹೋಲುವ ಪ್ರೋಟೀನು ಎಷ್ಟೋ ಬೇರೆ ಬ್ಯಾಕ್ಟೀರಿಯಾಗಳಲ್ಲೂ ಇದೆ. ಲೈಮ್ ಬಾರದವರಲ್ಲೂ ಆ ಪಟ್ಟೆ ಕಾಣಿಸಿಕೊಳ್ಳುತ್ತೆ.

ಈಗ ಇಲ್ಲಿ ಆಸ್ಪತ್ರೆಗಳು ರಿಪೋರ್ಟನ್ನ ತಯಾರಾದ ತಕ್ಷಣ ರೋಗಿಯ ಆನ್‌ಲೈನ್ ಖಾತೆಗೆ ಹಾಕಬೇಕು. 2021ರಿಂದ ಜಾರಿಗೆ ಬಂದ ನಿಯಮ ಅದು. ಒಳ್ಳೆಯದೇ. ಆದರೆ ರಾತ್ರಿ ಹನ್ನೊಂದಕ್ಕೆ ಮೊಬೈಲಿಗೆ ‘41 ರಿಯಾಕ್ಟಿವ್’ ಅಂತ ಬರುತ್ತೆ, ಡಾಕ್ಟರು ಫೋನ್ ಮಾಡೋದು ಮಾರನೇ ದಿನ. ಆ ಮಧ್ಯೆ ಒಬ್ಬ ತಾಯಿ ಏನೇನು ಹುಡುಕಿ ಓದಿರುತ್ತಾಳೆ ಅಂತ ಊಹಿಸಿಕೊಳ್ಳಿ. ಒಂದು ಪಟ್ಟೆ ಬಂದರೆ ಆ ಟೆಸ್ಟಿನ ಲೆಕ್ಕದಲ್ಲಿ ಅದು ನೆಗೆಟಿವ್ ಅಂತ ಕೆಂಪಕ್ಷರದಲ್ಲಿ ಒಂದು ಸಾಲು ಬರೆದಿದ್ದರೆ ಗಂಟೇನು ಹೋಗುತ್ತಿತ್ತು?

ಇನ್ನು ಎರಡನೇ ಗುಣ, ಅಳಿಸದೇ ಇರೋದು. ವಾಸಿಯಾದ ಮೇಲೂ ಆಂಟಿಬಾಡಿ ವರ್ಷಗಟ್ಟಲೆ ರಕ್ತದಲ್ಲಿ ಉಳಿಯಬಹುದು. ಮೂರು ವರ್ಷದ ಹಿಂದೆ ಲೈಮ್ ಬಂದು ಹೋದ ಮಗುವಿಗೆ ಈ ವರ್ಷ ವೈರಲ್ ಮೆನಿಂಜೈಟಿಸ್ ಆದರೂ ಲೈಮ್ ಟೆಸ್ಟ್ ಪಾಸಿಟಿವ್ ಬರಬಹುದು. ಹಾಗಾದರೆ ಮಿದುಳಿನ ಪೊರೆಯೊಳಗೇ ಆಂಟಿಬಾಡಿ ತಯಾರಾಗ್ತಿದೆಯಾ ಅಂತ ನೋಡಬಹುದಲ್ಲ? ನೋಡಬಹುದು. ಒಂದೇ ಹೊತ್ತಿನಲ್ಲಿ ತೆಗೆದ ರಕ್ತ ಮತ್ತು ಬೆನ್ನಿನ ನೀರು ಎರಡರಲ್ಲೂ ಅಳೆದು, ಒಟ್ಟು ಆಂಟಿಬಾಡಿಗೆ ಹೋಲಿಸಿ ಅನುಪಾತ ತೆಗೀತಾರೆ. ನೀರಿನಲ್ಲಿರೋದು ರಕ್ತದಿಂದ ಸೋರಿ ಬಂದದ್ದೋ, ಅಲ್ಲೇ ಹುಟ್ಟಿದ್ದೋ ಅಂತ ಅದರಿಂದ ತಿಳಿಯುತ್ತೆ. ಬರೀ ನೀರಿನಲ್ಲಿ ಆಂಟಿಬಾಡಿ ಇದೆ ಅಂದರೆ ಏನೂ ಹೇಳಿದ ಹಾಗಲ್ಲ, ರಕ್ತದ್ದೂ ಜೊತೆಗೆ ಬೇಕು. ಆದರೆ ಈ ಅನುಪಾತವೂ ಮೊದಲ ದಿನಗಳಲ್ಲಿ ಸರಿಯಾಗೇ ಇದ್ದುಬಿಡಬಹುದು, ಒಮ್ಮೆ ಏರಿದ ಮೇಲೆ ವರ್ಷಗಟ್ಟಲೆ ಇಳಿಯದೇ ಇರಬಹುದು. ಯುರೋಪಿನಲ್ಲಿ ಸಿಎಕ್ಸ್‌ಸಿಎಲ್13 ಅನ್ನುವ ಇನ್ನೊಂದು ಪ್ರೋಟೀನನ್ನೂ ಬೆನ್ನಿನ ನೀರಿನಲ್ಲಿ ಅಳೆಯುತ್ತಾರೆ. ಅದು ಆಂಟಿಬಾಡಿಗಿಂತ ಬೇಗ ಏರುತ್ತೆ, ಔಷಧ ಕೊಟ್ಟರೆ ಬೇಗ ಇಳಿಯುತ್ತೆ. ಆದರೆ ಅದು ಬೇರೆ ಕಾಯಿಲೆಗಳಲ್ಲೂ ಏರುತ್ತೆ. ಒಟ್ಟಿನಲ್ಲಿ ಒಂದೇ ಒಂದು ಟೆಸ್ಟ್ ಮಾಡಿ ‘ಹೌದು’ ಅಥವಾ ‘ಅಲ್ಲ’ ಅನ್ನುವ ಭಾಗ್ಯ ಇಲ್ಲಿ ಇಲ್ಲ.

ಮೂರು ಏಳುಗಳು

ರಿಪೋರ್ಟ್ ಬರೋದು ನಾಲ್ಕು ದಿನದ ಮೇಲೆ, ಮಗುವನ್ನ ಮನೆಗೆ ಕಳಿಸಬೇಕೋ ಇಟ್ಟುಕೊಳ್ಳಬೇಕೋ ಅನ್ನೋದು ಈ ರಾತ್ರಿಯೇ ತೀರ್ಮಾನವಾಗಬೇಕು. ಹೀಗಾದಾಗ ಡಾಕ್ಟರು ಏನು ಮಾಡ್ತಾರೆ? ನಾನು ಓದಿದ್ದರಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಇದೇ. ‘ರೂಲ್ ಆಫ್ ಸೆವೆನ್ಸ್’ ಅಂತಾರೆ, ಏಳರ ಸೂತ್ರ ಅನ್ನೋಣ. ಮೂರೇ ಪ್ರಶ್ನೆ. ತಲೆನೋವು ಶುರುವಾಗಿ 7 ದಿನಕ್ಕಿಂತ ಕಮ್ಮಿಯಾ? ಬೆನ್ನಿನ ನೀರಿನ ಬಿಳಿ ಕಣಗಳಲ್ಲಿ ಮಾನೋನ್ಯೂಕ್ಲಿಯರ್ ಜಾತಿಯವು (ಹೆಚ್ಚಾಗಿ ಲಿಂಫೋಸೈಟ್‌ಗಳು) ಶೇಕಡಾ 70ಕ್ಕಿಂತ ಕಮ್ಮಿಯಾ? 7ನೇ ಕಪಾಲ ನರ, ಅಂದರೆ ಮುಖದ ನರ, ಅಥವಾ ಅಂಥ ಬೇರೆ ನರಗಳು ಸರಿಯಾಗಿವೆಯಾ, ಮುಖ ಸೊಟ್ಟಗಾಗಿಲ್ಲವಾ? ಮೂರಕ್ಕೂ ‘ಹೌದು’ ಬಂದರೆ ಲೈಮ್ ಇರುವ ಸಾಧ್ಯತೆ ತೀರಾ ಕಮ್ಮಿ.

ಇದರ ಹಿಂದಿನ ತರ್ಕ ಸರಳ. ವೈರಲ್ ಮೆನಿಂಜೈಟಿಸ್ ದಿಢೀರಂತ ಬರುತ್ತೆ, ಒಂದೆರಡು ದಿನದಲ್ಲೇ ಮಗು ಆಸ್ಪತ್ರೆಗೆ ಬಂದಿರುತ್ತೆ, ಮೊದಮೊದಲು ನೀರಿನಲ್ಲಿ ನ್ಯೂಟ್ರೋಫಿಲ್‌ಗಳೇ ಜಾಸ್ತಿ ಇರಬಹುದು. ಲೈಮ್ ಹಾಗಲ್ಲ, ಕಳ್ಳಹೆಜ್ಜೆ ಇಟ್ಟು ಬರುತ್ತೆ. ಮಗು ಒಂದು ದಿನ ಚೆನ್ನಾಗಿರುತ್ತೆ, ಒಂದು ದಿನ ತಲೆ ಹಿಡಿದುಕೊಂಡು ಮಲಗುತ್ತೆ. ಆಸ್ಪತ್ರೆಗೆ ಬರುವ ಹೊತ್ತಿಗೆ ಲಿಂಫೋಸೈಟ್‌ಗಳೇ ತುಂಬಿರುತ್ತವೆ.

ಲೈಮ್ ಹೆಚ್ಚಿರುವ ಪ್ರದೇಶದ ಮೂರು ಆಸ್ಪತ್ರೆಗಳ ಹಳೆಯ ದಾಖಲೆಗಳ ಮೇಲೆ ಈ ಸೂತ್ರವನ್ನ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ್ದಾರೆ. ಒಟ್ಟು 423 ಮಕ್ಕಳು, ಅದರಲ್ಲಿ 117 ಮಕ್ಕಳಿಗೆ ಲೈಮ್ ಮೆನಿಂಜೈಟಿಸ್. ಸೂತ್ರ ‘ಅಪಾಯ ಕಮ್ಮಿ’ ಅಂದಿದ್ದು 130 ಮಕ್ಕಳಿಗೆ, ಅವರಲ್ಲಿ ನಿಜಕ್ಕೂ ಲೈಮ್ ಇದ್ದದ್ದು 5 ಮಕ್ಕಳಿಗೆ. ಅಂದರೆ 117ರಲ್ಲಿ 112ನ್ನ ಸೂತ್ರ ತಪ್ಪಿಸಿಕೊಳ್ಳಲು ಬಿಡಲಿಲ್ಲ. ಲ್ಯಾಬಿನಿಂದ ಬೇಕಾಗಿದ್ದು ಬೆನ್ನಿನ ನೀರಿನ ಕಣಗಳ ಲೆಕ್ಕ ಒಂದೇ, ಅದು ಗಂಟೆಯೊಪ್ಪತ್ತಿನಲ್ಲಿ ಬರುತ್ತೆ. ಉಳಿದೆರಡು ಅಮ್ಮನ ಬಾಯಿಂದ ಮತ್ತು ಡಾಕ್ಟರ ಕಣ್ಣಿಂದ!

ಆದರೆ ಇದನ್ನ ತಿರುಗಾಮುರುಗಾ ಮಾಡಬಾರದು. ಮೂರರಲ್ಲಿ ಒಂದು ತಪ್ಪಿದರೆ ಲೈಮ್ ಇದೆ ಅಂತಲ್ಲ. ಲೈಮ್ ಇಲ್ಲದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನೂ ಈ ಸೂತ್ರ ‘ಹೇಳಕ್ಕಾಗಲ್ಲ’ ಅನ್ನುವ ಗುಂಪಿಗೇ ಹಾಕಿತ್ತು. ಇದು ಬಿಡುಗಡೆ ಮಾಡುವ ಸೂತ್ರ, ಬಂಧಿಸುವ ಸೂತ್ರ ಅಲ್ಲ. ನಮ್ಮ ಪರಿಚಯದ ಹುಡುಗನಿಗೆ ಒಂಬತ್ತು ದಿನದ ತಲೆನೋವಿತ್ತು, ನೀರಿನಲ್ಲಿ ಲಿಂಫೋಸೈಟ್‌ಗಳೇ ಹೆಚ್ಚಿದ್ದವು. ‘ಅಪಾಯ ಕಮ್ಮಿ’ ಅನ್ನುವ ಹಾಗಿರಲಿಲ್ಲ. ಹಾಗಾಗಿ ರಿಪೋರ್ಟ್ ಬರೋವರೆಗೆ ಔಷಧ ಕೊಟ್ಟರು. ಅದು ಕಣ್ಣುಮುಚ್ಚಿ ಬಾಣ ಬಿಟ್ಟದ್ದಲ್ಲ, ಲೆಕ್ಕ ಹಾಕಿಯೇ ಮಾಡಿದ್ದು.

ಅದೇ ರಿಪೋರ್ಟ್, ಊರು ಬೇರೆ

ಇಲ್ಲಿಗೆ ನಿಲ್ಲಿಸಿದರೆ ‘ಅಮೆರಿಕದ ಡಾಕ್ಟರು ಜಾಣರು’ ಅನ್ನುವ ಬರಹ ಆಗಿಬಿಡುತ್ತೆ. ವಿಷಯ ಅದಲ್ಲ. ಇದೇ ಸೂತ್ರವನ್ನ ಬೆಂಗಳೂರಿನಲ್ಲಿ ಹಚ್ಚಿದರೆ ಏನಾಗುತ್ತೆ ಯೋಚನೆ ಮಾಡಿ. ಹತ್ತು ದಿನದ ತಲೆನೋವು, ಬೆನ್ನಿನ ನೀರಿನಲ್ಲಿ ಲಿಂಫೋಸೈಟ್‌ಗಳು, ಕಪಾಲ ನರವೊಂದಕ್ಕೆ ಪೆಟ್ಟು. ಅಲ್ಲಿನ ಡಾಕ್ಟರಿಗೆ ಮೊದಲು ನೆನಪಾಗಬೇಕಾದದ್ದು, ಆಗುವುದು, ಕ್ಷಯ. ಟಿಬಿ ಮೆನಿಂಜೈಟಿಸ್ ಕೂಡ ಹೀಗೇ ಕಳ್ಳಹೆಜ್ಜೆಯಲ್ಲಿ ಬರುತ್ತೆ, ತಡ ಮಾಡಿದರೆ ಮಗುವಿನ ಪ್ರಾಣಕ್ಕೇ ಕುತ್ತು. ನೀರಿನ ಸಕ್ಕರೆ ಅಂಶ ಟಿಬಿಯಲ್ಲಿ ಸಾಮಾನ್ಯವಾಗಿ ಇಳಿದಿರುತ್ತೆ, ಲೈಮ್‌ನಲ್ಲಿ ಸಾಮಾನ್ಯವಾಗಿ ಸರಿಯಾಗಿರುತ್ತೆ. ಅಂಥ ಸುಳಿವುಗಳಿವೆ, ಆದರೆ ಅವು ಸುಳಿವುಗಳಷ್ಟೇ. ಕಣಗಳ ಲೆಕ್ಕ ಅದೇ, ಊರು ಬದಲಾದರೆ ಅರ್ಥ ಬದಲು.

ಟೆಸ್ಟಿನ ಗಣಿತವೂ ಊರಿನ ಮೇಲೇ ನಿಂತಿದೆ. ಒಂದು ಲೆಕ್ಕ ಮಾಡೋಣ, ಅಂಕಿಗಳು ಉದಾಹರಣೆಗೆ ಮಾತ್ರ. ಕಾಯಿಲೆ ಇರುವ 100ರಲ್ಲಿ 95 ಜನರನ್ನ ಹಿಡಿಯುವ, ಇಲ್ಲದ 100ರಲ್ಲಿ 2 ಜನರಿಗೆ ತಪ್ಪಾಗಿ ‘ಇದೆ’ ಅನ್ನುವ ಟೆಸ್ಟ್ ಇದೆ ಅಂದುಕೊಳ್ಳಿ. ಕನೆಕ್ಟಿಕಟ್‌ನಂಥ ಕಡೆ ಮೆನಿಂಜೈಟಿಸ್ ಆಗಿ ಬಂದ 1000 ಮಕ್ಕಳಲ್ಲಿ 280 ಮಕ್ಕಳಿಗೆ ಲೈಮ್ ಅನ್ನೋಣ. ಟೆಸ್ಟ್ 266 ನಿಜವಾದ ಪಾಸಿಟಿವ್ ಕೊಡುತ್ತೆ, ಸುಮಾರು 14 ಸುಳ್ಳು ಪಾಸಿಟಿವ್. ಪಾಸಿಟಿವ್ ಬಂದರೆ ನಂಬಬಹುದು. ಈಗ 1000 ಮಕ್ಕಳಲ್ಲಿ ಒಂದೇ ಮಗುವಿಗೆ ಲೈಮ್ ಇರುವ ಊರಿಗೆ ಅದೇ ಟೆಸ್ಟ್ ಒಯ್ಯಿರಿ. ನಿಜವಾದದ್ದು 1, ಸುಳ್ಳು ಸುಮಾರು 20. ಟೆಸ್ಟ್ ಕೆಟ್ಟಿಲ್ಲ, ಕೇಳಿದ ಜಾಗ ತಪ್ಪು. ಬೆಂಗಳೂರು ಬಿಟ್ಟು ಎಲ್ಲೂ ಹೋಗದ ಮಗುವಿಗೆ ‘ಯಾವುದಕ್ಕೂ ಇರಲಿ’ ಅಂತ ಲೈಮ್ ಟೆಸ್ಟ್ ಮಾಡಿಸೋದು ಇದಕ್ಕೇ ಅಪಾಯ. ಪಾಸಿಟಿವ್ ಅಂತ ಒಂದು ಚೀಟಿ ಸಿಕ್ಕ ಮೇಲೆ ನಿಜವಾದ ಕಾಯಿಲೆಯನ್ನ ಹುಡುಕುವವರು ಯಾರು?

ನಮ್ಮಂಥ ಎರಡೂರಿನವರ ಮನೆಗಳಲ್ಲಿ ಇದು ಬರೀ ಗಣಿತ ಅಲ್ಲ. ಇಲ್ಲಿ ಶಾಲೆ ಮುಗಿಯೋದು ಜೂನ್ ಮಧ್ಯಕ್ಕೆ, ಮಾರನೇ ವಾರವೇ ಎಷ್ಟೋ ಮಕ್ಕಳು ಅಜ್ಜಿ ಮನೆಗೆ ವಿಮಾನ ಹತ್ತುತ್ತಾರೆ. ಉಣುಗು ಕಚ್ಚೋದು ಮೇ ಕೊನೆಗೋ ಜೂನ್‌ಗೋ. ತಲೆನೋವು ಶುರುವಾಗೋದು ಜುಲೈಯಲ್ಲಿ, ಶಿವಮೊಗ್ಗದಲ್ಲೋ ಮೈಸೂರಿನಲ್ಲೋ. ಅಲ್ಲಿನ ಡಾಕ್ಟರಿಗೆ ಆ ಮಗು ಕನೆಕ್ಟಿಕಟ್‌ನ ಹುಲ್ಲಿನಲ್ಲಿ ಆಡಿದ್ದು ಯಾರೂ ಹೇಳದಿದ್ದರೆ ಹೇಗೆ ಗೊತ್ತಾಗಬೇಕು? ಇದರ ಉಲ್ಟಾ ಕೂಡ ಅಷ್ಟೇ ನಿಜ. ಎರಡು ತಿಂಗಳು ಊರಿನಲ್ಲಿದ್ದು ಆಗಸ್ಟಿನಲ್ಲಿ ವಾಪಸು ಬಂದ ಮಗುವಿಗೆ ತಲೆನೋವು ಶುರುವಾದರೆ, ಇಲ್ಲಿನ ಡಾಕ್ಟರು ಏಳರ ಸೂತ್ರ ಹಾಕಿ ಲೈಮ್ ಅನ್ನಬಹುದು. ಊರಿನ ಮನೆಯಲ್ಲಿ ಯಾರೋ ತಿಂಗಳುಗಟ್ಟಲೆ ಕೆಮ್ಮುತ್ತಿದ್ದರು ಅನ್ನೋದನ್ನ ಸಂಕೋಚಪಟ್ಟು ಮುಚ್ಚಿಟ್ಟರೆ ಯಾವ ಲ್ಯಾಬೂ ಕಾಪಾಡೋದಿಲ್ಲ.

ನಮ್ಮ ಮಲೆನಾಡಿನವರಿಗೆ ಇದು ಅರ್ಥವಾಗಬೇಕು. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ, 2019ರಲ್ಲಿ ಅರಳಗೋಡಿನಲ್ಲಿ ಮತ್ತೆ ಹೆದರಿಸಿದ್ದು, ಅದೂ ಉಣುಗಿನಿಂದಲೇ. (ಆದರೆ ಅದು ವೈರಸ್, ಲೈಮ್ ಬ್ಯಾಕ್ಟೀರಿಯಾ. ಒಂದರ ಔಷಧ ಇನ್ನೊಂದಕ್ಕೆ ನಡೆಯೋದಿಲ್ಲ.) ನಮ್ಮೂರಿನ ಆಸ್ಪತ್ರೆಯಲ್ಲಿ ಜ್ವರ ಅಂತ ಹೋದರೆ ‘ಕಾಡಿಗೆ ಹೋಗಿದ್ರಾ? ಮಂಗ ಸತ್ತಿತ್ತಾ?’ ಅಂತ ಕೇಳ್ತಾರೆ. ಯಾಕೆ ಕೇಳ್ತಾರೆ ಅಂತ ನಮ್ಮಜ್ಜಿಗೂ ಗೊತ್ತಿದೆ. ಎರಡು ಡಿಗ್ರಿ ಮಾಡಿ ಇಲ್ಲಿಗೆ ಬಂದ ನಾವು ಮಾತ್ರ ‘ಅದೆಲ್ಲ ಯಾಕೆ, ಟೆಸ್ಟ್ ಮಾಡಿ’ ಅಂತೀವಿ!

ಹೆಚ್ಚು ಟೆಸ್ಟ್ ಮಾಡಿಸಿದರೆ ನಷ್ಟ ಏನು?

ಈ ಪ್ರಶ್ನೆ ಬಂದೇ ಬರುತ್ತೆ. ದುಡ್ಡು ಹೋದರೆ ಹೋಯ್ತು, ಮಗುವಿಗಿಂತ ದುಡ್ಡು ದೊಡ್ಡದಾ? ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 4,76,000 ಜನಕ್ಕೆ ಲೈಮ್ ಅಂತ ಚಿಕಿತ್ಸೆ ಆಗುತ್ತೆ ಅನ್ನೋದು ಇಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಅಂದಾಜು. 5ರಿಂದ 9 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಭಯ ಸಹಜ. ಆದರೆ ನಷ್ಟ ಬರೀ ದುಡ್ಡಿನದಲ್ಲ. ಲೈಮ್ ಮೆನಿಂಜೈಟಿಸ್‌ಗೆ ಬಹಳ ವರ್ಷ ಕೊಡುತ್ತಿದ್ದದ್ದು ರಕ್ತನಾಳದ ಮೂಲಕ ಸೆಫ್ಟ್ರಯಾಕ್ಸೋನ್. ಅದಕ್ಕೆ ಮಗುವಿನ ತೋಳಿನಿಂದ ಹೃದಯದ ಹತ್ತಿರದವರೆಗೆ ಒಂದು ಕೊಳವೆ ಹಾಕಿ, ವಾರಗಟ್ಟಲೆ ಇಟ್ಟಿರಬೇಕು. ಆ ಕೊಳವೆಯಿಂದಲೇ ಸೋಂಕು, ರಕ್ತ ಹೆಪ್ಪುಗಟ್ಟುವುದು ಆಗಬಹುದು. ಈಗ ಬಾಯಲ್ಲಿ ಕುಡಿಸುವ ಡಾಕ್ಸಿಸೈಕ್ಲಿನ್ ಕೂಡ ಆಗುತ್ತೆ, 14ರಿಂದ 21 ದಿನ, ಅಂತ 2020ರ ಮಾರ್ಗಸೂಚಿ ಹೇಳಿದೆ. ಹಲ್ಲು ಕಪ್ಪಾಗುತ್ತೆ ಅಂತ 8 ವರ್ಷದೊಳಗಿನವರಿಗೆ ಕೊಡದೇ ಇದ್ದದ್ದನ್ನ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಸಡಿಲಿಸಿತು, 21 ದಿನದವರೆಗೆ ಯಾವ ವಯಸ್ಸಿನವರಿಗೂ ಕೊಡಬಹುದು ಅಂತ. ಆದರೂ ಇಲ್ಲದ ಕಾಯಿಲೆಗೆ ಮೂರು ವಾರ ಔಷಧ ಔಷಧವೇ, ಅದರ ಹಿಂದೆ ಅಡಗಿ ಕೂತ ಬೇರೆ ಕಾಯಿಲೆಗೆ ಮೂರು ವಾರ ರಜವೇ.

ಇನ್ನು ಹೆದರಿದ ಅಪ್ಪ ಅಮ್ಮನನ್ನೇ ನಂಬಿ ಬದುಕುವ ಲ್ಯಾಬುಗಳೂ ಇವೆ. ಮೂತ್ರದಲ್ಲಿ ಲೈಮ್ ಹುಡುಕುತ್ತೇವೆ ಅನ್ನುವವರ ಬಗ್ಗೆ, ಲಿಂಫೋಸೈಟ್ ಟ್ರಾನ್ಸ್‌ಫರ್ಮೇಷನ್ ಅಂತ ದೊಡ್ಡ ಹೆಸರಿನ ಟೆಸ್ಟ್ ಮಾಡುವವರ ಬಗ್ಗೆ ಸಿಡಿಸಿ ಮತ್ತು ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದ್ದವು, ಇವುಗಳ ನಿಖರತೆ ಸಾಬೀತಾಗಿಲ್ಲ ಅಂತ. ಆಸ್ಪತ್ರೆ ನೆಗೆಟಿವ್ ಅಂದದ್ದನ್ನ ಪಾಸಿಟಿವ್ ಅನ್ನುವ ಲ್ಯಾಬ್ ಹುಡುಕೋದು ಕಷ್ಟವಲ್ಲ. ಉತ್ತರ ಬರುವವರೆಗೆ ಟೆಸ್ಟ್ ಬದಲಾಯಿಸುತ್ತಾ ಹೋಗೋದಕ್ಕೆ ನಮ್ಮಲ್ಲಿ ಬಿಲ್ಡ್ ಪಾಸಾಗುವವರೆಗೆ ಟೆಸ್ಟ್ ಡಿಲೀಟ್ ಮಾಡುವುದು ಅಂತಾರೆ. ಅದಕ್ಕೆ ಮ್ಯಾನೇಜರ್ ಏನಂತಾರೆ ಅಂತ ಬೇರೆ ಹೇಳಬೇಕಾ?

ಹಾಗಂತ ಆಸ್ಪತ್ರೆಗಳದ್ದು ಎಲ್ಲ ಸರಿ ಅಂತಲೂ ಅಲ್ಲ. ಬ್ಲಾಟ್ ಬದಲು ಎರಡು ಬೇರೆಬೇರೆ ಎಲೈಸಾ ಮಾದರಿಯ ಟೆಸ್ಟುಗಳನ್ನೇ ಒಂದರ ಮೇಲೊಂದು ಮಾಡುವ ಹೊಸ ಕ್ರಮಕ್ಕೆ ಎಫ್‌ಡಿಎ 2019ರ ಜುಲೈಯಲ್ಲೇ ಒಪ್ಪಿಗೆ ಕೊಟ್ಟಿದೆ, ಸಿಡಿಸಿಯೂ ಒಪ್ಪಿದೆ. ಪಟ್ಟೆ ಎಣಿಸುವ ಗೋಜಿಲ್ಲ, ಆಸ್ಪತ್ರೆಯ ಲ್ಯಾಬಿನಲ್ಲೇ ಬೇಗ ಮುಗಿಸಬಹುದು, ಆರಂಭದ ಕಾಯಿಲೆಯನ್ನ ಹಿಡಿಯುವುದರಲ್ಲಿ ಹಳೆಯದಕ್ಕಿಂತ ಮುಂದು. ಲೈಮ್ ಹುಟ್ಟಿದ ಊರಿನ ಪಕ್ಕದಲ್ಲೇ ರಕ್ತವನ್ನ ದೂರದ ಲ್ಯಾಬಿಗೆ ಕಳಿಸಿ ನಾಲ್ಕು ದಿನ ಕಾಯಿಸೋದಕ್ಕೆ ಈಗ ನೆಪ ಉಳಿದಿಲ್ಲ. ಬೇಸಿಗೆಯಲ್ಲಿ ಮಕ್ಕಳ ವಾರ್ಡ್ ನಡೆಸುವ ಇಲ್ಲಿನ ಪ್ರತಿ ಆಸ್ಪತ್ರೆಯೂ ಈ ಟೆಸ್ಟನ್ನ ತನ್ನಲ್ಲೇ ದಿನಾ ಮಾಡಬೇಕು ಅನ್ನೋದು ನನ್ನ ಒತ್ತಾಯ. ನಾವು ಜಗಳ ಆಡೋದಾದರೆ ಪಿಸಿಆರ್‌ಗಾಗಿ ಅಲ್ಲ, ಇದಕ್ಕಾಗಿ ಆಡೋಣ.

ನಮ್ಮ ಪಾಲಿನ ಕೆಲಸವೂ ಇದೆ, ಅದಕ್ಕೆ ಕಾಸು ಖರ್ಚಿಲ್ಲ. ತಲೆನೋವು ಯಾವತ್ತು ಶುರುವಾಯ್ತು ಅಂತ ಫೋನಿನಲ್ಲಿ ಬರೆದಿಡಿ, ಆರು ದಿನವಾ ಎಂಟು ದಿನವಾ ಅನ್ನುವುದರ ಮೇಲೆ ತೀರ್ಮಾನ ನಿಂತಿದೆ. ಮೈಮೇಲೆ ವಿಚಿತ್ರವಾದ ಕೆಂಪು ಗುರುತು ಕಂಡರೆ ಫೋಟೋ ತೆಗೆದಿಡಿ, ಆಸ್ಪತ್ರೆಗೆ ಹೋಗುವ ಹೊತ್ತಿಗೆ ಅದು ಮಾಯವಾಗಿರಬಹುದು. ಹಿಂದೆ ಲೈಮ್ ಬಂದಿದ್ದರೆ ಆ ರಿಪೋರ್ಟ್ ಜೊತೆಗಿರಲಿ. ವಿಮಾನ ಹತ್ತಿದ ಮೇಲೆ ಕಾಯಿಲೆ ಬಿದ್ದರೆ, ಯಾವ ದೇಶದಲ್ಲಿದ್ದರೂ, ಡಾಕ್ಟರು ಕೇಳದಿದ್ದರೂ ನೀವೇ ಬಾಯಿಬಿಟ್ಟು ಹೇಳಿ: ಎರಡು ತಿಂಗಳಲ್ಲಿ ಮಗು ಎಲ್ಲೆಲ್ಲಿತ್ತು, ಯಾರ ಜೊತೆಗಿತ್ತು ಅಂತ. ಒಂದು ಮಾತು ಮಾತ್ರ ಮರೆಯಬೇಡಿ. ಜೋರು ಜ್ವರ, ಕತ್ತು ಬಿಗಿ, ವಾಂತಿ, ಮಂಪರು ಇದ್ದರೆ ಈ ಸೂತ್ರ, ಲೆಕ್ಕ ಎಲ್ಲ ಬದಿಗಿಟ್ಟು ತಕ್ಷಣ ಎಮರ್ಜೆನ್ಸಿಗೆ ಓಡಿ. ಬೇರೆ ಬ್ಯಾಕ್ಟೀರಿಯಾಗಳಿಂದ ಬರುವ ಮೆನಿಂಜೈಟಿಸ್ ಯಾರಿಗೂ ಕಾಯೋದಿಲ್ಲ.

ರಿಪೋರ್ಟ್ ಕೈಗೆ ಬಂದಾಗ ‘ಪಾಸಿಟಿವ್ವಾ, ನೆಗೆಟಿವ್ವಾ’ ಅಂತ ಕೇಳೋದು ಸಹಜ, ಕೇಳಿ. ಅದರ ಜೊತೆಗೆ ಇನ್ನೆರಡು ಪ್ರಶ್ನೆ ಸೇರಿಸಿ. ‘ಈ ಟೆಸ್ಟ್ ಯಾವ ಪ್ರಶ್ನೆಗೆ ಉತ್ತರ? ರಕ್ತ ತೆಗೆದ ದಿನಕ್ಕೆ ಆ ಉತ್ತರ ಸಿಗೋ ಸಮಯ ಆಗಿತ್ತಾ?’ ಒಳ್ಳೆಯ ಡಾಕ್ಟರು ಈ ಪ್ರಶ್ನೆಗಳಿಗೆ ಬೇಜಾರು ಮಾಡಿಕೊಳ್ಳೋದಿಲ್ಲ, ಕುರ್ಚಿ ಎಳೆದುಕೊಂಡು ಕೂತು ಹೇಳ್ತಾರೆ.

ನಿಮ್ಮಲ್ಲಿ ಡಾಕ್ಟರುಗಳಿದ್ದರೆ, ಅದರಲ್ಲೂ ಮಕ್ಕಳ ಡಾಕ್ಟರುಗಳಿದ್ದರೆ, ಎಲ್ಲಾದರೂ ತಪ್ಪಿದ್ದರೆ ಕಿವಿ ಹಿಂಡಿ. ಉಳಿದವರು ಏನಂತೀರಿ?